ಸಾನ್ ಪೆದ್ರೊ ದಂಡೆಯ ಮೆಸ್ಕೀಟ್ ಕಾಡು ಮತ್ತು ಕೆಳಗಿಳಿಯುತ್ತಿರುವ ನೀರು

ಬಳ್ಳಾರಿ ಜಾಲಿಯನ್ನು ದಿನವೂ ನೋಡುವ ನಮ್ಮ ಬಯಲುಸೀಮೆಯವರ ಕಣ್ಣಿಗೆ ಅದು ಮರವೂ ಅಲ್ಲ, ಕಾಡೂ ಅಲ್ಲ. ಕೆರೆಯಂಗಳವನ್ನು, ಹಳ್ಳದ ದಂಡೆಯನ್ನು, ಬೀಳುಬಿದ್ದ ಹೊಲವನ್ನು ನುಂಗುತ್ತಾ ಹೋಗುವ ಒಂದು ಪೀಡೆ. ಚಪ್ಪಲಿಯ ಅಟ್ಟೆಯನ್ನೂ ತೂರಿ ಪಾದಕ್ಕೆ ನಾಟುವ ಅದರ ಮುಳ್ಳಿನ ಪರಿಚಯವಿಲ್ಲದವರು ಅಲ್ಲಿ ಕಡಿಮೆ. ಅಮೆರಿಕ ಖಂಡಕ್ಕೆ ಸೇರಿದ ಈ ಗಿಡವನ್ನು 1870ರ ದಶಕದಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ಕಡಪ ಸೀಮೆಯಲ್ಲಿ ಸೌದೆಯ ಆಸೆಯಿಂದ ಬಿತ್ತಲಾಯಿತು. ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಇದೇ ಜಾಲಿಯ ಒಡಹುಟ್ಟಿನಂಥ ಇನ್ನೊಂದು ಮರ, ತನ್ನ ಸ್ವಂತ ನೆಲದಲ್ಲಿ, ಮರುಭೂಮಿಯ ನದಿಬಯಲುಗಳಲ್ಲಿ ನೆರಳು ಕವಿದ ಕಾಡಾಗಿ ನಿಂತಿತ್ತು ಎಂಬುದೂ, ಆ ಕಾಡಿನ ಬಹುಪಾಲು ಕೊಡಲಿಯಿಂದ ಮಾತ್ರವಲ್ಲದೆ ಕೊಳವೆಬಾವಿಗಳಿಂದಲೂ ಸತ್ತಿತು ಎಂಬುದೂ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗದ ಸಂಗತಿ.

ಆ ಮರದ ಹೆಸರು ವೆಲ್ವೆಟ್ ಮೆಸ್ಕೀಟ್. ಅಮೆರಿಕದ ಅರಿಜೋನ ರಾಜ್ಯದ ದಕ್ಷಿಣ ಭಾಗ ಮತ್ತು ಅದಕ್ಕೆ ತಗುಲಿದ ಮೆಕ್ಸಿಕೊದ ಸೊನೊರಾ ಪ್ರಾಂತ್ಯ ಅದರ ತವರು. ಎಳೆಯ ಎಲೆಗಳ ಮೇಲಿನ ನವಿರಾದ ರೋಮದಿಂದಾಗಿ ಈ ಹೆಸರು ಬಂದಿದೆ. ತೀರಾ ಇತ್ತೀಚಿನವರೆಗೆ ಸಸ್ಯಶಾಸ್ತ್ರಜ್ಞರು ಇದನ್ನೂ, ಬಳ್ಳಾರಿ ಜಾಲಿಯನ್ನೂ, ನಾವು ವಿಜಯದಶಮಿಯಂದು ಪೂಜಿಸುವ ಬನ್ನಿಯನ್ನೂ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿ ಇಟ್ಟಿದ್ದರು. 2022ರಲ್ಲಿ ಆ ಕುಲವನ್ನು ಒಡೆದು ಪಾಲು ಮಾಡಲಾಯಿತು. ಬನ್ನಿ ಹಳೆಯ ಹೆಸರನ್ನು ಉಳಿಸಿಕೊಂಡಿತು. ಜಾಲಿ ಮತ್ತು ವೆಲ್ವೆಟ್ ಮೆಸ್ಕೀಟ್ ಎರಡೂ ನೆಲ್ಟುಮ ಎಂಬ ಬೇರೆ ಮನೆಗೆ ಹೋದವು. ಹೀಗಾಗಿ ಸಂಬಂಧದ ಲೆಕ್ಕದಲ್ಲಿ ಅರಿಜೋನದ ಈ ಮರ ನಮ್ಮ ಬನ್ನಿಗಿಂತ ಜಾಲಿಗೇ ಹತ್ತಿರ.

ಈ ಮರಗಳ ಕಾಡಿಗೆ ಅಲ್ಲಿನವರು ಇಟ್ಟ ಹೆಸರು ಬೊಸ್ಕೆ; ಸ್ಪ್ಯಾನಿಷ್ ಭಾಷೆಯಲ್ಲಿ ಕಾಡು ಎಂದೇ ಅರ್ಥ. ಎಲ್ಲ ಮೆಸ್ಕೀಟ್ ಪೊದೆಗಳೂ ಬೊಸ್ಕೆ ಆಗುವುದಿಲ್ಲ. ಗುಡ್ಡದ ಇಳಿಜಾರಿನಲ್ಲಿ, ಒಣ ಹುಲ್ಲುಗಾವಲಿನಲ್ಲಿ ಇದೇ ಮರ ಆಳೆತ್ತರದ ಕುರುಚಲಾಗಿ ಉಳಿಯುತ್ತದೆ. ನದಿಬಯಲಿನಲ್ಲಿ, ಅಂತರ್ಜಲ ಬೇರಿಗೆ ಎಟಕುವಲ್ಲಿ ಮಾತ್ರ ಅದು ಹತ್ತು ಹದಿನೈದು ಮೀಟರ್ ಎತ್ತರಕ್ಕೆ ಬೆಳೆದು, ಕೊಂಬೆಗೆ ಕೊಂಬೆ ಹೆಣೆದು, ಬಿಸಿಲನ್ನು ತಡೆಯುವ ಮೇಲಾವರಣವಾಗುತ್ತದೆ. ಒಂದೇ ಬೀಜ ಒಂದೆಡೆ ಪೊದೆ, ಇನ್ನೊಂದೆಡೆ ಹೆಮ್ಮರ. ನಡುವಿನ ವ್ಯತ್ಯಾಸ ಮಳೆಯದ್ದಲ್ಲ, ನೆಲದಡಿಯ ನೀರಿನದು. ಈ ಲೇಖನದ ವಾದವೆಲ್ಲ ನಿಂತಿರುವುದು ಈ ಒಂದು ವ್ಯತ್ಯಾಸದ ಮೇಲೆ.

ಇದನ್ನು ಚೆನ್ನಾಗಿ ನೋಡಬಹುದಾದ ಸ್ಥಳ ಸಾನ್ ಪೆದ್ರೊ ನದಿಯ ಕಣಿವೆ. ಸೊನೊರಾದ ಕನನೇಯ ಎಂಬ ತಾಮ್ರದ ಗಣಿಯೂರಿನ ಬಳಿ ಹುಟ್ಟಿ, ಉತ್ತರಕ್ಕೆ ಹರಿದು, ಅರಿಜೋನವನ್ನು ಹೊಕ್ಕು, ಸುಮಾರು 225 ಕಿಲೋಮೀಟರ್ ಸಾಗಿ ಹಿಲಾ ನದಿಯನ್ನು ಸೇರುವ ಈ ನದಿ ನಮ್ಮ ಕಣ್ಣಿಗೆ ಹಳ್ಳದಷ್ಟೇ ದೊಡ್ಡದು. ಅದರ ಬಯಲು ಮೆಟ್ಟಿಲು ಮೆಟ್ಟಿಲಾಗಿದೆ. ನೀರಿನ ಅಂಚಿನಲ್ಲಿ, ಪ್ರತಿ ಪ್ರವಾಹಕ್ಕೂ ಸಿಗುವ ಕೆಳಗಿನ ಮೆಟ್ಟಿಲಿನಲ್ಲಿ, ಕಾಟನ್‌ವುಡ್ ಮತ್ತು ವಿಲೊ ಮರಗಳಿವೆ. ಅಲ್ಲಿಂದ ಕೆಲವು ಮೀಟರ್ ಮೇಲೇರಿದರೆ ಹಳೆಯ ಮೆಕ್ಕಲು ಮಣ್ಣಿನ ಸಮತಟ್ಟು ಸಿಗುತ್ತದೆ. ಅದೇ ಮೆಸ್ಕೀಟ್ ಕಾಡಿನ ನೆಲೆ. ಇನ್ನೂ ಮೇಲೆ ಹೋದರೆ ಮರುಭೂಮಿಯ ಕುರುಚಲು ಮತ್ತು ಕಲ್ಲುನೆಲ. ನೂರು ಹೆಜ್ಜೆಯೊಳಗೆ ಮೂರು ಬೇರೆ ಬೇರೆ ಸಸ್ಯಲೋಕಗಳನ್ನು ದಾಟಿಬಿಡಬಹುದು.

ಮೆಸ್ಕೀಟ್ ಕಾಡಿನ ಒಳಗೆ ಮೆಸ್ಕೀಟ್ ಒಂದೇ ಇರುವುದಿಲ್ಲ. ಹ್ಯಾಕ್‌ಬೆರಿ ಮತ್ತು ಎಲ್ಡರ್‌ಬೆರಿ ಮರಗಳು, ನಮ್ಮ ಕಗ್ಗಲಿಯ ಕುಲಕ್ಕೆ ಸೇರಿದ, ಬೆಕ್ಕಿನ ಉಗುರಿನಂಥ ಮುಳ್ಳಿರುವ ಕ್ಯಾಟ್‌ಕ್ಲಾ, ಎಲಚಿಯ ಬಳಗದ ಗ್ರೇಥಾರ್ನ್, ಕೆಂಪು ಹಣ್ಣಿನ ವುಲ್ಫ್‌ಬೆರಿ, ಉಪ್ಪುಮಣ್ಣನ್ನು ಸಹಿಸುವ ಸಾಲ್ಟ್‌ಬುಷ್, ಬಯಲು ತೆರೆದುಕೊಂಡಲ್ಲೆಲ್ಲ ಎದೆಯೆತ್ತರಕ್ಕೆ ಗುಪ್ಪೆ ಗುಪ್ಪೆಯಾಗಿ ನಿಲ್ಲುವ ಸಕಟೋನ್ ಹುಲ್ಲು, ಕೊಂಬೆಗಳ ಮೇಲೆ ಹರಡುವ ಕ್ಲೆಮ್ಯಾಟಿಸ್ ಬಳ್ಳಿ ಎಲ್ಲವೂ ಅಲ್ಲಿವೆ. ಮೆಸ್ಕೀಟಿನ ಬೇರಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುವುದರಿಂದ ಅದರ ಬುಡದ ನೆಲ ಸುತ್ತಲಿನ ನೆಲಕ್ಕಿಂತ ಫಲವತ್ತಾಗಿರುತ್ತದೆ. ಕೊಂಬೆಗಳಲ್ಲಿ ಬಂದಳಿಕೆ ಹಿಡಿಯುತ್ತದೆ. ಆ ಬಂದಳಿಕೆಯ ಕೆಂಪು ಹಣ್ಣನ್ನು ಫೈನೊಪೆಪ್ಲ ಎಂಬ ಜುಟ್ಟಿನ ಕಪ್ಪು ಹಕ್ಕಿ ತಿಂದು, ಅಂಟುಬೀಜವನ್ನು ಇನ್ನೊಂದು ಕೊಂಬೆಯ ಮೇಲೆ ಹಾಕಿ ಮುಂದಿನ ಬಂದಳಿಕೆಗೆ ದಾರಿ ಮಾಡುತ್ತದೆ. ಮುದಿ ಮರದ ಪೊಟರೆಯಲ್ಲಿ ಅಥವಾ ಸಡಿಲವಾದ ತೊಗಟೆಯ ಹಿಂದೆ ಲೂಸಿ ವಾರ್ಬ್ಲರ್ ಗೂಡು ಕಟ್ಟುತ್ತದೆ. ಉತ್ತರ ಅಮೆರಿಕದ ವಾರ್ಬ್ಲರ್‌ಗಳಲ್ಲಿ ಪೊಟರೆಯನ್ನು ಆಶ್ರಯಿಸುವವು ಎರಡೇ, ಅವುಗಳಲ್ಲಿ ಇದೊಂದು. ಪೊಟರೆ ಬೇಕೆಂದರೆ ಮರಕ್ಕೆ ವಯಸ್ಸಾಗಬೇಕು. ಕಡಿದು ಮತ್ತೆ ಚಿಗುರಿದ ಪೊದೆಯಲ್ಲಿ ಅದು ಸಿಗದು.

ಆ ನೆಲದ ಮೂಲನಿವಾಸಿಗಳಾದ ಓದಮ್ ಜನರಿಗೆ ಈ ಮರ ಹಕ್ಕಿಗಳ ಆಸರೆಗಿಂತ ಹೆಚ್ಚಿನದಾಗಿತ್ತು. ಜೂನ್ ಕೊನೆಯಲ್ಲಿ, ಮಳೆಗಾಲಕ್ಕೆ ಮುಂಚಿನ ಅತ್ಯಂತ ಒಣ ದಿನಗಳಲ್ಲಿ, ಮೆಸ್ಕೀಟಿನ ಕಾಯಿಗಳು ಹಣ್ಣಾಗಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತವೆ. ಅವುಗಳ ಸಿಹಿಯಿರುವುದು ಬೀಜದಲ್ಲಲ್ಲ, ಬೀಜವನ್ನು ಸುತ್ತಿದ ತಿರುಳಿನಲ್ಲಿ. ಬೀಜವಾದರೋ ಹಲ್ಲಿಗೂ ಜಗ್ಗದಷ್ಟು ಗಟ್ಟಿ. ಬಂಡೆಯಲ್ಲೇ ಕೊರೆದ ಒರಳುಗುಳಿಗಳಲ್ಲಿ ಕಾಯಿಯನ್ನು ಕುಟ್ಟಿ, ಹಿಟ್ಟು ಮಾಡಿ, ಒತ್ತಿ ಒಣಗಿಸಿಟ್ಟರೆ ಅದು ತಿಂಗಳುಗಟ್ಟಲೆ ಉಳಿಯುವ ಆಹಾರ. ಬೇರೆಲ್ಲವೂ ಬಾಡಿರುವ ತಿಂಗಳಲ್ಲೇ ಈ ಮರ ಇಷ್ಟೊಂದು ಸಕ್ಕರೆಯನ್ನು ಎಲ್ಲಿಂದ ತಂದಿತು ಎಂಬ ಪ್ರಶ್ನೆಗೆ ಉತ್ತರ ಬೇರಿನಲ್ಲಿದೆ.

ಟೂಸಾನ್ ನಗರದ ಸಮೀಪದ ತೆರೆದ ಗಣಿಯೊಂದರಲ್ಲಿ ನೆಲದಿಂದ 50 ಮೀಟರಿಗೂ ಹೆಚ್ಚು ಆಳದಲ್ಲಿ ಮೆಸ್ಕೀಟಿನ ಬೇರು ಸಿಕ್ಕಿದ್ದು 1960ರ ದಶಕದಲ್ಲಿ ದಾಖಲಾಯಿತು. ಈ ಸಂಗತಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದರಿಂದ ಹುಟ್ಟುವ ತಪ್ಪು ತಿಳಿವಳಿಕೆಯೇ ಹೆಚ್ಚು. ಬೇರು ಅಷ್ಟು ಆಳಕ್ಕೆ ಹೋಗಬಲ್ಲದು ಎಂದ ಮಾತ್ರಕ್ಕೆ ಅಷ್ಟು ಆಳದ ನೀರಿನಿಂದ ಕಾಡು ಬದುಕುತ್ತದೆ ಎಂದಲ್ಲ. ಅರಿಜೋನದ ನದಿಬಯಲುಗಳಲ್ಲಿ ನಡೆದ ಅಧ್ಯಯನಗಳು ತೋರಿಸಿದಂತೆ, ಅಂತರ್ಜಲ ಹತ್ತು ಮೀಟರಿನೊಳಗೆ ಇದ್ದಾಗ ಮೆಸ್ಕೀಟ್ ಎತ್ತರದ ಕಾಡಾಗುತ್ತದೆ. ಸುಮಾರು ಹದಿನೈದು ಮೀಟರ್ ದಾಟಿದ ಮೇಲೆ ಮರ ಕುಗ್ಗಿ, ಎಲೆ ಸಣ್ಣದಾಗಿ, ತುದಿಗಳು ಒಣಗಿ, ಪೊದೆಯ ಸ್ಥಿತಿಗೆ ಇಳಿಯುತ್ತದೆ. ಮರದ ಕುಲ ಉಳಿಯುತ್ತದೆ, ಕಾಡು ಉಳಿಯುವುದಿಲ್ಲ.

ಬೇರಿನ ಕೆಲಸ ನೀರನ್ನು ಮೇಲೆಳೆಯುವುದಷ್ಟೇ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಸಾನ್ ಪೆದ್ರೊ ದಂಡೆಯಲ್ಲಿ ಸಂಶೋಧಕರು ಮೆಸ್ಕೀಟಿನ ತಾಯಿಬೇರಿಗೂ ಪಕ್ಕದ ಬೇರುಗಳಿಗೂ ರಸದ ಹರಿವನ್ನು ಅಳೆಯುವ ಸೂಜಿಗಳನ್ನು ಚುಚ್ಚಿ ಕಂಡುಕೊಂಡದ್ದು ಬೇರೆಯೇ. ಚಳಿಗಾಲದಲ್ಲಿ, ಮರದಲ್ಲಿ ಒಂದು ಎಲೆಯೂ ಇಲ್ಲದಿರುವಾಗ, ಮಳೆ ಬಿದ್ದು ಮೇಲ್ಮಣ್ಣು ನೆನೆದರೆ, ಪಕ್ಕದ ಬೇರುಗಳು ಹೀರಿದ ನೀರು ತಾಯಿಬೇರಿನ ಮೂಲಕ ಕೆಳಕ್ಕೆ ಇಳಿಯುತ್ತದೆ. ಒಣ ಬೇಸಿಗೆಯ ರಾತ್ರಿಗಳಲ್ಲಿ ಇದಕ್ಕೆ ತಿರುವುಮುರುವಾಗಿ ಆಳದ ನೀರು ಮೇಲೇರಿ ಒಣಗಿದ ಮೇಲ್ಮಣ್ಣಿಗೆ ಸೋರುತ್ತದೆ. ತೇವ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಬೇರು ಒಂದು ಕೊಳವೆಯಂತೆ ನೀರನ್ನು ಸಾಗಿಸುತ್ತದೆ, ಅಷ್ಟೇ. ಆದರೆ ಬುಡದಲ್ಲಿರುವ ಹುಲ್ಲು ಮತ್ತು ಗಿಡಗಳಿಗೆ ಆ ಸೋರಿದ ತೇವವೂ ಒಂದು ಪಾಲು. ಮೆಸ್ಕೀಟ್ ಕಾಡನ್ನು ಮರಗಳ ಗುಂಪು ಎನ್ನುವುದಕ್ಕಿಂತ ಸಸ್ಯಸಮುದಾಯ ಎನ್ನುವುದಕ್ಕೆ ಇದೇ ಬಲವಾದ ಕಾರಣ ಎಂದು ನನಗೆ ತೋರುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಸಾನ್ ಪೆದ್ರೊ ಮೇಲ್ಕಣಿವೆಯ ಇಂದಿನ ಮೆಸ್ಕೀಟ್ ಕಾಡುಗಳು ಅನಾದಿಯವಲ್ಲ. 19ನೇ ಶತಮಾನದ ಕೊನೆಯವರೆಗೆ ಆ ಬಯಲಿನ ಬಹುಭಾಗ ಜವುಗುನೆಲ ಮತ್ತು ಸಕಟೋನ್ ಹುಲ್ಲುಗಾವಲಾಗಿತ್ತು. ನದಿ ಆಳವಿಲ್ಲದೆ, ಬೀವರ್ ಎಂಬ ನೀರುಪ್ರಾಣಿಗಳು ಕಟ್ಟಿದ ಒಡ್ಡುಗಳ ನಡುವೆ ನಿಧಾನವಾಗಿ ಹರಡಿಕೊಂಡು ಹರಿಯುತ್ತಿತ್ತು. ಬೀವರ್‌ಗಳನ್ನು ತುಪ್ಪುಳಕ್ಕಾಗಿ ಹಿಡಿದು ಮುಗಿಸಲಾಯಿತು, ದನಗಳ ಮಂದೆಗಳು ಹುಲ್ಲನ್ನು ಬೋಳಿಸಿದವು, ಟೂಂಬ್‌ಸ್ಟೋನ್‌ನ ಬೆಳ್ಳಿ ಗಣಿಗಳಿಗೆ ಮರ ಹೋಯಿತು. 1890ರ ದಶಕದ ಪ್ರವಾಹಗಳಲ್ಲಿ ನದಿ ತನ್ನ ಪಾತ್ರವನ್ನು ಹಲವು ಮೀಟರ್ ಆಳಕ್ಕೆ ಕೊರೆದುಕೊಂಡಿತು. ಜವುಗು ಬಸಿದುಹೋಗಿ ಎತ್ತರದಲ್ಲಿ ಉಳಿದ ಒಣ ಸಮತಟ್ಟನ್ನು ಮೆಸ್ಕೀಟ್ ಹಿಡಿಯಿತು. ಅಂದರೆ ನಾವಿಂದು ಉಳಿಸಬೇಕೆನ್ನುವ ಕಾಡಿನ ಒಂದು ಭಾಗ ಹಿಂದಿನ ಒಂದು ಹಾಳಿನಿಂದಲೇ ಹುಟ್ಟಿದ್ದು. ಅದೇ ಕಾಲದಿಂದ ಸುತ್ತಲಿನ ಎತ್ತರದ ಹುಲ್ಲುಗಾವಲುಗಳಲ್ಲೂ ದನದ ಸಗಣಿಯ ಮೂಲಕ ಬೀಜ ಹರಡಿ ಮೆಸ್ಕೀಟ್ ಹೆಚ್ಚಿತು. ಅಲ್ಲಿನ ದನಗಾರರು ಅದನ್ನು ಬೈಯುವ ಮಾತು ಕೇಳಿದರೆ ನಮ್ಮ ಜಾಲಿಯ ನೆನಪಾಗದಿರದು. ಮರಕ್ಕೆ ಒಳ್ಳೆಯದು ಕೆಟ್ಟದ್ದು ಎಂಬ ಹಣೆಪಟ್ಟಿ ಹಚ್ಚುವವರು ಅದು ನಿಂತಿರುವ ನೆಲ ಯಾವುದೆಂದು ಮೊದಲು ಹೇಳಬೇಕು.

ಅನಾದಿಯದೆಂದು ಹೇಳಬಹುದಾದ ಬೊಸ್ಕೆಗಳೂ ಇದ್ದವು. ಪಕ್ಕದ ಕಣಿವೆಯ ಸಾಂತಾ ಕ್ರೂಸ್ ನದಿಯ ದಂಡೆಯಲ್ಲಿ, ಟೂಸಾನ್‌ನ ದಕ್ಷಿಣಕ್ಕೆ, 18ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಸಾನ್ ಹವಿಯೇರ್ ಬಿಳಿ ಚರ್ಚಿನ ಸುತ್ತಮುತ್ತ, ಓದಮ್ ಜನರ ನೆಲದಲ್ಲಿ ಮಹಾ ಮೆಸ್ಕೀಟ್ ಕಾಡು ಎಂದೇ ಹೆಸರಾಗಿದ್ದ ಒಂದು ಅರಣ್ಯವಿತ್ತು. 20ನೇ ಶತಮಾನದ ಮೊದಲರ್ಧದ ಪಕ್ಷಿತಜ್ಞರು ಅದರ ಗೂಡುಗಳ ದಟ್ಟಣೆಯನ್ನು ಬೆರಗಿನಿಂದ ಬರೆದಿದ್ದಾರೆ. ಮೊದಲು ಸೌದೆಗಾಗಿ ಮರ ಕಡಿದರು. ಕಡಿದ ಮೆಸ್ಕೀಟ್ ಬುಡದಿಂದ ಮತ್ತೆ ಚಿಗುರಬಲ್ಲದಾದ್ದರಿಂದ ಕಾಡು ಅದನ್ನು ಒಂದಿಷ್ಟು ತಾಳಿಕೊಂಡಿತು. ಆಮೇಲೆ ನಗರಕ್ಕೂ ಹೊಲಕ್ಕೂ ಗಣಿಗಳಿಗೂ ಪಂಪುಗಳು ಬಂದವು. ನೀರಿನ ಮಟ್ಟ ಹತ್ತಾರು ಮೀಟರ್ ಕೆಳಗಿಳಿಯಿತು. ಆ ಪೆಟ್ಟನ್ನು ತಾಳಿಕೊಳ್ಳಲು ಕಾಡಿಗೆ ಆಗಲಿಲ್ಲ. ಉತ್ತರದಲ್ಲಿ, ಕಾಸಾ ಗ್ರಾಂಡೆ ಎಂಬ ಪುರಾತನ ಮಣ್ಣಿನ ಮಹಲನ್ನು ರಕ್ಷಿಸಲು ಬೇಲಿ ಹಾಕಿದ್ದ ರಾಷ್ಟ್ರೀಯ ಸ್ಮಾರಕದ ಒಳಗೆ, ಒಂದು ಕೊಂಬೆಯನ್ನೂ ಮುಟ್ಟಬಾರದೆಂಬ ಕಾನೂನಿದ್ದರೂ, ಸುತ್ತಲಿನ ಹತ್ತಿ ಹೊಲಗಳ ಬಾವಿಗಳಿಂದ ಅಂತರ್ಜಲ 30 ಮೀಟರಿಗೂ ಕೆಳಗೆ ಹೋಗಿ, 20ನೇ ಶತಮಾನದ ನಡುವಿನೊಳಗೆ ಮೆಸ್ಕೀಟ್ ಮರಗಳು ನಿಂತಲ್ಲೇ ಸತ್ತವು. ಬೇಲಿಯ ಒಳಗೆ ಯಾರೂ ತಪ್ಪು ಮಾಡಿರಲಿಲ್ಲ.

ಈ ಸಾವಿಗೆ ಒಂದು ಅನುಕ್ರಮವಿದೆ. ನೀರು ಇಳಿಯತೊಡಗಿದಾಗ ಮೊದಲು ಹೋಗುವುದು ಕೆಳಗಿನ ಮೆಟ್ಟಿಲಿನ ವಿಲೊ ಮತ್ತು ಕಾಟನ್‌ವುಡ್. ಅವುಗಳಿಗೆ ಸುಮಾರು ಮೂರು ಮೀಟರಿನೊಳಗೆ ನೀರು ಬೇಕು. ಆ ಜಾಗಕ್ಕೆ ಏಷ್ಯಾ, ಯುರೋಪಿನ ಕಡೆಯಿಂದ ಬಂದ ಟ್ಯಾಮರಿಸ್ಕ್ ಎಂಬ ಪೊದೆಮರ ನುಗ್ಗುತ್ತದೆ. ಮೆಸ್ಕೀಟ್ ಆಗಲೂ ಹಸಿರಾಗಿಯೇ ಕಾಣುತ್ತದೆ. ಅದು ಬಾಡುವ ಹೊತ್ತಿಗೆ ಹಾನಿ ದಶಕಗಳಷ್ಟು ಹಳೆಯದಾಗಿರುತ್ತದೆ. ಈ ಕಾರಣಕ್ಕೆ ಮೆಸ್ಕೀಟನ್ನು ಎಚ್ಚರಿಕೆಯ ಗಂಟೆಯೆಂದು ಬಗೆಯುವುದು ತಪ್ಪು. ಅದು ಬಾರಿಸುವುದು ಎಲ್ಲ ಮುಗಿದ ಮೇಲೆ.

ಸಾನ್ ಪೆದ್ರೊ ವಿಷಯದಲ್ಲಿ ಅಮೆರಿಕದ ಸಂಸತ್ತು 1988ರಲ್ಲಿ ಒಂದು ಕಾನೂನು ಮಾಡಿ, ಸುಮಾರು 65 ಕಿಲೋಮೀಟರ್ ನದಿಯನ್ನೂ 57,000 ಎಕರೆಯಷ್ಟು ನೆಲವನ್ನೂ ನದಿದಂಡೆಯ ರಾಷ್ಟ್ರೀಯ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಆ ಬಗೆಯ ರಕ್ಷಣೆ ಪಡೆದ ಮೊದಲ ಪ್ರದೇಶ ಅದು. ದನಗಳು ಹೊರಹೋದವು, ಹುಲ್ಲು ಮತ್ತು ಎಳೆಯ ಕಾಟನ್‌ವುಡ್ ಮರಳಿದವು, 1999ರಿಂದ ಬೀವರ್‌ಗಳನ್ನೂ ತಂದು ಬಿಡಲಾಯಿತು. ಆದರೆ ಬೇಲಿಯ ಪಶ್ಚಿಮಕ್ಕೆ, ಕೆಲವೇ ಕಿಲೋಮೀಟರ್ ದೂರದಲ್ಲಿ, ಸುಮಾರು 45 ಸಾವಿರ ಜನರ ಸಿಯೆರಾ ವಿಸ್ಟಾ ಪಟ್ಟಣವೂ ಫೋರ್ಟ್ ವಾಚೂಕ ಸೇನಾನೆಲೆಯೂ ಇವೆ. ಎರಡೂ ಕುಡಿಯುವುದು ಅಂತರ್ಜಲವನ್ನೇ. ಪರ್ವತದಿಂದ ಇಳಿದು ನದಿಯ ಕಡೆಗೆ ನೆಲದಡಿಯಲ್ಲಿ ಸಾಗುವ ನೀರನ್ನು ಈ ಬಾವಿಗಳು ದಾರಿಯಲ್ಲೇ ಎತ್ತುತ್ತವೆ. 2005ರ ಜುಲೈನಲ್ಲಿ, ಮಳೆ ಇನ್ನೂ ಶುರುವಾಗದ ದಿನಗಳಲ್ಲಿ, ಚಾರ್ಲ್‌ಸ್ಟನ್ ಎಂಬಲ್ಲಿನ ಮಾಪನ ಕೇಂದ್ರ ನದಿಯ ಹರಿವು ಸೊನ್ನೆ ಎಂದು ದಾಖಲಿಸಿತು. ಅಲ್ಲಿ ಅಳತೆ ಆರಂಭವಾದ ಮೇಲೆ ಅಂಥದ್ದು ಅದೇ ಮೊದಲು.

ಸಮಸ್ಯೆಯ ತಿರುಳಿರುವುದು ಅರಿಜೋನದ ನೀರಿನ ಕಾನೂನಿನಲ್ಲಿ. ಆ ರಾಜ್ಯದಲ್ಲಿ ಮೇಲಿನ ನೀರಿಗೊಂದು ಕಾನೂನು, ಕೆಳಗಿನ ನೀರಿಗೊಂದು ಕಾನೂನು. ನದಿಯ ನೀರು ಮೊದಲು ಬಳಸಿದವನ ಹಕ್ಕು. ಅಂತರ್ಜಲ ನೆಲದ ಒಡೆಯ ಎತ್ತಿಕೊಂಡಷ್ಟು. 1980ರ ಅಂತರ್ಜಲ ನಿರ್ವಹಣಾ ಕಾಯ್ದೆ ಫೀನಿಕ್ಸ್, ಟೂಸಾನ್‌ನಂಥ ಕೆಲವು ಪ್ರದೇಶಗಳಲ್ಲಿ ಎತ್ತುವಿಕೆಗೆ ಮಿತಿ ಹಾಕಿತು. ಸಾನ್ ಪೆದ್ರೊ ಮೇಲ್ಕಣಿವೆ ಆ ವ್ಯಾಪ್ತಿಗೆ ಬರಲಿಲ್ಲ. 2005ರಲ್ಲಿ ರಾಜ್ಯದ ಜಲಸಂಪನ್ಮೂಲ ಇಲಾಖೆ ಈ ಪ್ರಶ್ನೆಯನ್ನು ಪರಿಶೀಲಿಸಿ, ಸೇರಿಸುವ ಅಗತ್ಯವಿಲ್ಲವೆಂದು ತೀರ್ಮಾನಿಸಿತು. ಇವೆರಡು ಕಾನೂನುಗಳ ನಡುವೆ ನ್ಯಾಯಾಲಯಗಳು ಮೂರನೆಯ ಒಂದು ವರ್ಗವನ್ನು ಕಲ್ಪಿಸಿವೆ: ನದಿಯ ಕೆಳಗೂ ಪಕ್ಕದಲ್ಲೂ ಮೆಕ್ಕಲು ಮಣ್ಣಿನಲ್ಲಿ ನದಿಯೊಂದಿಗೇ ಚಲಿಸುವ ಒಳಹರಿವು. ಇದಕ್ಕೆ ಮಾತ್ರ ನದಿಯ ಕಾನೂನು ಅನ್ವಯ. 2000ದಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಈ ಒಳಹರಿವಿನ ವಲಯವೆಂದರೆ ನದಿಬಯಲಿನ ಇತ್ತೀಚಿನ ಭೂಯುಗದ, ನೀರು ತುಂಬಿದ ಮೆಕ್ಕಲು ಪದರ ಎಂಬ ವ್ಯಾಖ್ಯೆಯನ್ನು ಎತ್ತಿಹಿಡಿಯಿತು. ಭೂಪಟದ ಮೇಲೆ ಆ ವಲಯದ ಅಂಚನ್ನು ಎಳೆದರೆ ಗೆರೆ ಬಹುಮಟ್ಟಿಗೆ ಮೆಸ್ಕೀಟ್ ಸಮತಟ್ಟಿನ ಸುತ್ತಲೇ ಹಾಯುತ್ತದೆ. ಗೆರೆಯ ಒಳಗಿನ ಬಾವಿ ನದಿಯದ್ದು, ಹೊರಗಿನ ಬಾವಿ ನೆಲದ ಒಡೆಯನದ್ದು. ಬೇರಿಗೆ ಬರುವ ನೀರು ಮಾತ್ರ ಗೆರೆಯಾಚೆಯಿಂದಲೇ ಬರುವಂಥದ್ದು.

1988ರ ಕಾನೂನು ಸಂರಕ್ಷಿತ ಪ್ರದೇಶಕ್ಕೆ ಬೇಕಾದಷ್ಟು ನೀರನ್ನು ಕಾಯ್ದಿರಿಸಿದೆ ಎಂದು ಸ್ಪಷ್ಟವಾಗಿ ಹೇಳಿತ್ತು. ಎಷ್ಟು ಎಂದು ಹೇಳಿರಲಿಲ್ಲ. ಈ ಮೌನದ ಬೆಲೆ 2018ರಲ್ಲಿ ಗೊತ್ತಾಯಿತು. ಸಿಯೆರಾ ವಿಸ್ಟಾದಲ್ಲಿ ಸುಮಾರು 7,000 ಮನೆಗಳ ಬಡಾವಣೆಯೊಂದಕ್ಕೆ ನೂರು ವರ್ಷಗಳ ನೀರಿದೆಯೇ ಎಂದು ಇಲಾಖೆ ನಿರ್ಧರಿಸುವಾಗ, ಕೇಂದ್ರ ಸರ್ಕಾರದ ಈ ಪ್ರಮಾಣ ಗೊತ್ತಾಗದ ಹಕ್ಕನ್ನು ಪರಿಗಣಿಸಬೇಕಾಗಿಲ್ಲ ಎಂದು ಅರಿಜೋನದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಹಿಲಾ ನದಿವ್ಯವಸ್ಥೆಯ ಹಕ್ಕುಗಳನ್ನು ಗೊತ್ತುಪಡಿಸುವ ದಾವೆ 1974ರಿಂದ ನಡೆಯುತ್ತಲೇ ಇತ್ತು. ಅದರ ಭಾಗವಾಗಿ 2023ರ ಆಗಸ್ಟಿನಲ್ಲಿ ವಿಚಾರಣಾ ನ್ಯಾಯಾಲಯ ಕೊನೆಗೂ ಸಂರಕ್ಷಿತ ಪ್ರದೇಶದ ಹಕ್ಕಿಗೆ ಅಂಕಿಗಳನ್ನು ಕೊಟ್ಟಿತು. ನದಿಯ ಹರಿವಿಗಷ್ಟೇ ಅಲ್ಲದೆ ಕೆಲವು ವೀಕ್ಷಣಾ ಬಾವಿಗಳಲ್ಲಿ ಉಳಿಯಬೇಕಾದ ನೀರಿನ ಮಟ್ಟಕ್ಕೂ. ಬಾವಿಯ ಮಟ್ಟವನ್ನು ಹಕ್ಕಿನ ಅಳತೆಯಾಗಿ ಒಪ್ಪಿಕೊಂಡದ್ದು ನನ್ನ ದೃಷ್ಟಿಯಲ್ಲಿ ಈ ಇಡೀ ವ್ಯಾಜ್ಯದ ಅತಿ ಮುಖ್ಯ ಸಂಗತಿ, ಏಕೆಂದರೆ ಮೆಸ್ಕೀಟ್ ಕಾಡಿಗೆ ಲೆಕ್ಕಕ್ಕೆ ಬರುವುದು ಹರಿವಲ್ಲ, ಮಟ್ಟ.

ಮರಗಳೇ ನೀರು ಕುಡಿಯುತ್ತವೆ, ಅವನ್ನು ತೆಗೆದರೆ ನೀರು ಉಳಿಯುತ್ತದೆ ಎಂಬ ವಾದವೂ ಹಳೆಯದು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ, ಬೊಸ್ಕೆ ಒಂದು ವರ್ಷದಲ್ಲಿ ಗಾಳಿಗೆ ಬಿಡುವ ತೇವ ಅಲ್ಲಿ ಬೀಳುವ ಮಳೆಗಿಂತ ಹೆಚ್ಚು ಎಂದು ಅಳತೆಗಳೇ ಹೇಳುತ್ತವೆ. 1960ರ ದಶಕದಲ್ಲಿ ಹಿಲಾ ನದಿಯ ಬಯಲೊಂದರಲ್ಲಿ ಟ್ಯಾಮರಿಸ್ಕ್ ಮತ್ತು ಮೆಸ್ಕೀಟನ್ನು ಬುಡಸಹಿತ ಕಿತ್ತು ಸರ್ಕಾರವೇ ಪ್ರಯೋಗ ಮಾಡಿತು. ನೆಲ ಬರಿದಾಗಿದ್ದಷ್ಟು ಕಾಲ ನೀರು ಉಳಿಯಿತು. ಬೇರೆ ಗಿಡಗಳು ಆ ಜಾಗವನ್ನು ತುಂಬಿದರೆ ಉಳಿತಾಯ ಕರಗುತ್ತದೆ. ನದಿಬಯಲನ್ನು ಶಾಶ್ವತವಾಗಿ ಬೋಳಾಗಿ ಇಡಬಲ್ಲೆವು ಎನ್ನುವವರು ಮಾತ್ರ ಈ ವಾದವನ್ನು ಮುಂದುವರಿಸಬಹುದು.

ಸ್ಥಳೀಯರು ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ಸೇನಾನೆಲೆ ತನ್ನ ಎತ್ತುವಿಕೆಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿದೆ. ಪಟ್ಟಣದ ಸಂಸ್ಕರಿತ ಕೊಳಚೆನೀರನ್ನು ನದಿಗೂ ಬಾವಿಗಳಿಗೂ ನಡುವೆ ಇಂಗಿಸಲಾಗುತ್ತಿದೆ. ಮಳೆನೀರನ್ನು ಇಂಗಿಸಲೆಂದೇ ನದಿಯ ಬದಿಯ ಜಮೀನುಗಳನ್ನು ಕೊಂಡು ಹೊಸ ಬಾವಿಗಳು ಬರದಂತೆ ನೋಡಿಕೊಳ್ಳಲಾಗುತ್ತಿದೆ. ಆದರೂ ಅಂತರ್ಜಲದ ನಡಿಗೆ ನಿಧಾನ. ಹತ್ತು ಕಿಲೋಮೀಟರ್ ಆಚೆ ಹಲವು ದಶಕಗಳಿಂದ ಎತ್ತಿದ ನೀರಿನ ಕೊರತೆ ಒಂದು ತಗ್ಗಾಗಿ ನೆಲದಡಿ ಹರಡುತ್ತಾ ನದಿಯ ಕಡೆಗೆ ಬರುತ್ತಲೇ ಇರುತ್ತದೆ. ಇಂದು ಎಲ್ಲ ಪಂಪುಗಳನ್ನು ನಿಲ್ಲಿಸಿದರೂ ನಿನ್ನೆಯ ಪಂಪು ನಾಳೆಯ ನದಿಯನ್ನು ಮುಟ್ಟುತ್ತದೆ. ಕೋಲಾರ, ಚಿತ್ರದುರ್ಗದ ಕಡೆ ಸಾವಿರ ಅಡಿಗೆ ಕೊಳವೆಬಾವಿ ಕೊರೆಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಾನ್ ಹವಿಯೇರ್‌ನ ಸತ್ತ ಕಾಡಿನ ಮರಗಳು ಬಹಳ ಹಿಂದೆಯೇ ಒಲೆ ಸೇರಿದವು. 1982ರಲ್ಲಿ ಸಂಸತ್ತು ಒಪ್ಪಿದ ನೀರಿನ ಹಕ್ಕಿನ ಒಡಂಬಡಿಕೆಯ ಫಲವಾಗಿ ಅಲ್ಲಿನ ಓದಮ್ ಜನರಿಗೆ ಕೊಲರಾಡೊ ನದಿಯ ನೀರಿನಲ್ಲಿ ಒಂದು ಪಾಲು ಸಿಕ್ಕಿತು. 500 ಕಿಲೋಮೀಟರಿಗೂ ಉದ್ದದ ಕಾಲುವೆಯಲ್ಲಿ, ಪಂಪುಗಳಿಂದ ಏರಿ ಬರುವ ಆ ನೀರಿನ ಒಂದಂಶವನ್ನು ಅವರು ಹಳೆಯ ನದಿದಂಡೆಯಲ್ಲಿ ಕಾಟನ್‌ವುಡ್, ವಿಲೊ, ಮೆಸ್ಕೀಟುಗಳನ್ನು ಮತ್ತೆ ಬೆಳೆಸಲು ಬಿಟ್ಟಿದ್ದಾರೆ. 2021ರ ಆಗಸ್ಟಿನಲ್ಲಿ ಕೊಲರಾಡೊ ನದಿಯಲ್ಲೇ ನೀರಿನ ಕೊರತೆಯಿದೆಯೆಂದು ಕೇಂದ್ರ ಸರ್ಕಾರ ಮೊದಲ ಬಾರಿಗೆ ಘೋಷಿಸಿತು, ಮರುವರ್ಷದಿಂದ ಅರಿಜೋನಕ್ಕೆ ಆ ಕಾಲುವೆಯ ಹಂಚಿಕೆ ಕಡಿತವಾಯಿತು.